ಕೃಷ್ಣಾ ನದಿಯ ಆಹಾರ ಸರಪಳಿ: ಮೀನುಗಾರಿಕೆ ಪರವಾನಗಿ ಕೋರುವವರಿಗೆ ಮಾಹಿತಿ

ಮುದ್ದೇಬಿಹಾಳ ತಾಲ್ಲೂಕಿನ ನಾಲತವಾಡ ಭಾಗದ ಕೃಷ್ಣಾ ನದಿಯು ಮೇಲ್ಗಡೆ ಆಲಮಟ್ಟಿ ಅಣೆಕಟ್ಟು ಹಾಗೂ ಕೆಳಗಡೆ ನಾರಾಯಣಪುರದ ಬಸವಸಾಗರ ಜಲಾಶಯಗಳ ನಡುವೆ ಇರುತ್ತದೆ. ಇಲ್ಲಿ ಮೀನು ಹಿಡಿಯಲು ಪರವಾನಗಿ ಕೋರುವ ಸಾರ್ವಜನಿಕರು ಷರತ್ತುಗಳ ಹಿಂದಿನ ಕಾರಣಗಳನ್ನು ಅರಿತಿರುವುದು ಸೂಕ್ತ.

1. ಸರಪಳಿಯ ಹಂತಗಳು
ಸೂರ್ಯನ ಬೆಳಕಿನಿಂದ ಪಾಚಿ ಹಾಗೂ ಸೂಕ್ಷ್ಮ ಸಸ್ಯಗಳು ಆಹಾರವನ್ನು ತಯಾರಿಸುತ್ತವೆ. ಹರಿಯುವ ನೀರಿನಲ್ಲಿ ಕಲ್ಲುಗಳ ಮೇಲಿನ ಪಾಚಿ ಮತ್ತು ದಡದಿಂದ ಬಿದ್ದು ಕೊಳೆತ ಎಲೆಗಳು ಮುಖ್ಯ ಆಧಾರವಾಗಿದ್ದರೆ, ನಿಂತ ನೀರಿನಲ್ಲಿ ತೇಲುವ ಸೂಕ್ಷ್ಮ ಸಸ್ಯಗಳು ಹೆಚ್ಚಾಗಿರುತ್ತವೆ. ಇವುಗಳನ್ನು ಸೂಕ್ಷ್ಮ ಪ್ರಾಣಿಗಳು ಮತ್ತು ಕೀಟಗಳ ಮರಿಗಳು ತಿನ್ನುತ್ತವೆ. ಕಾಟ್ಲಾ ಮೇಲ್ಪದರದ ಸೂಕ್ಷ್ಮ ಪ್ರಾಣಿಗಳನ್ನು, ರೋಹು ನಡುಪದರದ ಸಸ್ಯಾಹಾರವನ್ನು, ಮೃಗಾಲ್ ತಳದ ಕೊಳೆತ ಪದಾರ್ಥವನ್ನು ಮುಖ್ಯವಾಗಿ ಸೇವಿಸುತ್ತವೆ. ಇತರೆ ಮೀನುಗಳನ್ನು ಬೇಟೆಯಾಡುವ ಬಾಳೆಮೀನು, ನೀರುಕಾಗೆ, ನೀರುನಾಯಿ ಮತ್ತು ಮೊಸಳೆಗಳು ಮೇಲಿನ ಹಂತಗಳಲ್ಲಿವೆ. ಸತ್ತ ಜೀವಿಗಳನ್ನು ಬ್ಯಾಕ್ಟೀರಿಯಾ ಮತ್ತು ಶಿಲೀಂಧ್ರಗಳು ಕೊಳೆಯಿಸಿ ಮರಳಿ ಪೋಷಕಾಂಶಗಳನ್ನಾಗಿಸುತ್ತವೆ.

2. ಸರಳ ಲೆಕ್ಕ
ಒಂದು ಹಂತದಿಂದ ಮುಂದಿನ ಹಂತಕ್ಕೆ ಸ್ಥೂಲವಾಗಿ ಶೇಕಡ 10ರಷ್ಟು ಶಕ್ತಿ ಮಾತ್ರ ತಲುಪುತ್ತದೆ. ಅಂದರೆ 1,000 ಕಿಲೋ ಸೂಕ್ಷ್ಮ ಸಸ್ಯದಿಂದ 100 ಕಿಲೋ ಸೂಕ್ಷ್ಮ ಪ್ರಾಣಿ, 10 ಕಿಲೋ ಕಾಟ್ಲಾ, ಅದನ್ನು ತಿನ್ನುವ ಬಾಳೆಮೀನು 1 ಕಿಲೋ ಎಂದು ಅಂದಾಜಿಸಬಹುದು. ಆದುದರಿಂದ ತಳಹಂತಕ್ಕಾದ ಹಾನಿಯು ಬಲೆಗೆ ಬೀಳುವ ಮೀನಿನಲ್ಲಿ ಕಂಡುಬರುತ್ತದೆ.

3. ಷರತ್ತುಗಳ ಕಾರಣ
(ಅ) ವಿಷ ಹಾಗೂ ಸ್ಫೋಟಕಗಳು ದೊಡ್ಡ ಮೀನಿನೊಂದಿಗೆ ಮರಿಗಳನ್ನೂ ಅವುಗಳ ಆಹಾರವನ್ನೂ ನಾಶಪಡಿಸುತ್ತವೆ. 1897ರ ಭಾರತೀಯ ಮೀನುಗಾರಿಕೆ ಅಧಿನಿಯಮದಲ್ಲಿಯೇ ಇವುಗಳಿಂದ ಮೀನು ಹಿಡಿಯುವುದನ್ನು ಅಪರಾಧವೆಂದು ಪರಿಗಣಿಸಲಾಗಿತ್ತು.
(ಆ) ಕಾಟ್ಲಾ, ರೋಹು ಮೊದಲಾದವು ಮಳೆಗಾಲದ ಹರಿಯುವ ನೀರಿನಲ್ಲಿ ಮೊಟ್ಟೆಯಿಡುತ್ತವೆ. ನಿಂತ ನೀರಿನಲ್ಲಿ ಸಾಮಾನ್ಯವಾಗಿ ಇಡುವುದಿಲ್ಲ. ಆ ಅವಧಿಯಲ್ಲಿ ತಾಯಿಮೀನನ್ನು ಹಿಡಿದಲ್ಲಿ ಮುಂದಿನ ಪೀಳಿಗೆಯೇ ಇಲ್ಲವಾಗುತ್ತದೆ.
(ಇ) ಸಣ್ಣ ಕಣ್ಣಿನ ಬಲೆಯು ಬೆಳೆಯಬೇಕಾದ ಮರಿಗಳನ್ನು ಬರಿದು ಮಾಡುತ್ತದೆ.

4. ರೈತರ ಗಮನಕ್ಕೆ
ಹೊಲದಿಂದ ಹರಿದುಬರುವ ರಸಗೊಬ್ಬರದಿಂದ ಪಾಚಿಯು ಮಿತಿಮೀರಿ ಬೆಳೆದು, ಕೊಳೆಯುವಾಗ ನೀರಿನ ಆಮ್ಲಜನಕ ಕುಸಿದು ಮೀನುಗಳು ಸಾಯುತ್ತವೆ. ಕೀಟನಾಶಕದ ಡಬ್ಬಿಗಳನ್ನು ಮತ್ತು ಸಿಂಪರಣಾ ಯಂತ್ರಗಳನ್ನು ನದಿಯಲ್ಲಿ ತೊಳೆಯಬಾರದು.

ನದಿಯ ಮೀನು ಅನೇಕ ಕುಟುಂಬಗಳ ಜೀವನೋಪಾಯವಾಗಿದ್ದು, ಸಾರ್ವಜನಿಕರು ಮೇಲ್ಕಂಡ ಅಂಶಗಳನ್ನು ಪಾಲಿಸಿ ಸಹಕರಿಸಲು ಕೋರಲಾಗಿದೆ.