ಇಡೀ ಬಾಡಿ ಸಿಗುತ್ತದೆ, ಒಳ್ಳೆಯ ರೋಟರ್ ಸಿಗುವುದಿಲ್ಲ

ಬೆಂಗಳೂರಿನಲ್ಲಿ ಈಗ ಎಂಜಿ ಅಂದರೆ ಹೆಕ್ಟರ್. ಗುಜರಾತಿನ ಹಾಲೋಲ್‌ನಲ್ಲಿ ತಯಾರಾಗುವ, ಮನೆಮಂದಿಯೆಲ್ಲ ಕೂತು ಊರಿಗೆ ಹೋಗಿಬರುವ ಎತ್ತರದ ಕಾರು. ಅದರ ಮೂತಿಯ ಮೇಲಿರುವ ಎಂಟು ಮೂಲೆಯ ಲಾಂಛನ ಮಾತ್ರ ಇಂಗ್ಲೆಂಡಿನದು. ಆಕ್ಸ್‌ಫರ್ಡಿನ ಮಾರಿಸ್ ಗ್ಯಾರೇಜಸ್ ಎಂಬ ಕಾರು ಮಾರುವ ಅಂಗಡಿಯಿಂದ ಹುಟ್ಟಿದ ಹೆಸರು. ಅದೇ ಲಾಂಛನ ಹೊತ್ತು, ಆಕ್ಸ್‌ಫರ್ಡಿಗೆ ಹತ್ತಿರದ ಆಬಿಂಗ್ಡನ್ ಕಾರ್ಖಾನೆಯಿಂದ 1962ರಿಂದ 1980ರವರೆಗೆ ಹೊರಬಂದ ಸ್ಪೋರ್ಟ್ಸ್ ಕಾರು ಎಂಜಿಬಿ. ಚಾವಣಿ ಬಿಚ್ಚುವ ಮಾದರಿ, ಮುಚ್ಚಿದ ಜಿಟಿ ಮಾದರಿ ಎರಡೂ ಸೇರಿ 5 ಲಕ್ಷಕ್ಕೂ ಹೆಚ್ಚು ತಯಾರಾದವು. ಹೆಚ್ಚಿನವು ಹಡಗು ಹತ್ತಿ ಅಮೆರಿಕಕ್ಕೆ ಹೋದವು.

ಹಳೆಯ ಸ್ಪೋರ್ಟ್ಸ್ ಕಾರೊಂದನ್ನು ಇಟ್ಟುಕೊಳ್ಳಬೇಕೆಂಬ ಹುಚ್ಚಿದ್ದರೆ ಇದನ್ನೇ ಕೊಳ್ಳಿ ಎಂದು ತಿಳಿದವರು ಹೇಳುವುದಕ್ಕೆ ಕಾರಣ ಅದರ ವೇಗವಲ್ಲ. 1,798 ಸಿಸಿಯ ಎಂಜಿನ್, ಸುಮಾರು 95 ಅಶ್ವಶಕ್ತಿ; ಇವತ್ತಿನ ಸಾಮಾನ್ಯ ಹ್ಯಾಚ್‌ಬ್ಯಾಕ್ ಕೂಡ ಸಿಗ್ನಲ್‌ನಲ್ಲಿ ಇದನ್ನು ಹಿಂದೆ ಹಾಕುತ್ತದೆ. ಕಾರಣ ಪಾರ್ಟ್ಸ್. ಬೇಕಾದ್ದೆಲ್ಲ ಸಿಗುತ್ತದೆ ಎನ್ನುವುದು ಇಲ್ಲಿ ಉತ್ಪ್ರೇಕ್ಷೆಯಲ್ಲ. ಬಾಡಿಯ ತಗಡು ಒತ್ತುವ ಮೂಲ ಅಚ್ಚುಗಳನ್ನು ಹುಡುಕಿ ಕಲೆಹಾಕಿದ ಬ್ರಿಟಿಷ್ ಮೋಟಾರ್ ಹೆರಿಟೇಜ್ ಸಂಸ್ಥೆ, 1988ರಲ್ಲಿ ಎಂಜಿಬಿಯ ಇಡೀ ಬಾಡಿಯನ್ನೇ ಹೊಸದಾಗಿ ವೆಲ್ಡ್ ಮಾಡಿ ಮಾರಲು ಶುರುಮಾಡಿತು. ಕಾರು ನಿಂತುಹೋಗಿ ಎಂಟು ವರ್ಷವಾದ ಮೇಲೆ! ಆ ಬಾಡಿಯ ಭರವಸೆಯ ಮೇಲೆಯೇ ರೋವರ್ ಕಂಪನಿ 1992ರಲ್ಲಿ ವಿ8 ಎಂಜಿನ್ ಕೂರಿಸಿ ಆರ್‌ವಿ8 ಎಂಬ ಹೊಸ ಕಾರನ್ನೇ ತಂದಿತು. ತಯಾರಾದ ಸುಮಾರು ಎರಡು ಸಾವಿರದಲ್ಲಿ ಬಹುಪಾಲು ಜಪಾನಿಗೆ ಹೋದವು. ಹತ್ತು ಸಾವಿರ ಪೌಂಡಿಗಿಂತ ಹೆಚ್ಚು ಹಣವಿದ್ದರೆ ತುಕ್ಕಿನ ಕಲೆಯಿಲ್ಲದ ಹೊಸ ಬಾಡಿ ಇವತ್ತಿಗೂ ಸಿಗುತ್ತದೆ.

ತೊಂದರೆ ಇರುವುದು ಹತ್ತು ಸಾವಿರ ಪೌಂಡಿನ ವಸ್ತುವಿನಲ್ಲಲ್ಲ, ಕೆಲವೇ ಪೌಂಡಿನ ರೋಟರಿನಲ್ಲಿ.

ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದರೆ ಒಳಗೆ ಹೆಬ್ಬೆಟ್ಟಿನ ಗಾತ್ರದ ಪ್ಲಾಸ್ಟಿಕ್ ತುಂಡು ಕಾಣುತ್ತದೆ, ಅದರ ನೆತ್ತಿಯ ಮೇಲೊಂದು ಹಿತ್ತಾಳೆಯ ಪಟ್ಟಿ. ಕಾಯಿಲ್‌ನಿಂದ ಬರುವ ಸಾವಿರಾರು ವೋಲ್ಟಿನ ಕರೆಂಟನ್ನು ಗಿರಗಿರ ತಿರುಗುತ್ತ ನಾಲ್ಕು ಪ್ಲಗ್‌ಗಳಿಗೆ ಸರದಿ ಪ್ರಕಾರ ಹಂಚುವುದು ಇದರ ಕೆಲಸ. ಹಿತ್ತಾಳೆ ಪಟ್ಟಿಯನ್ನು ಪ್ಲಾಸ್ಟಿಕ್ಕಿಗೆ ಕೂರಿಸಲು ಅಗ್ಗದ ತಯಾರಕರು ರಿವೆಟ್ ಹೊಡೆಯುತ್ತಾರೆ. ರಿವೆಟ್ಟಿನ ತುದಿಗೂ ಕೆಳಗಿನ ಉಕ್ಕಿನ ಶಾಫ್ಟಿಗೂ ನಡುವೆ ಉಳಿಯುವುದು ತೆಳ್ಳನೆಯ ಪ್ಲಾಸ್ಟಿಕ್ ಪದರ. ಎಂಜಿನ್ ಕಾದಾಗ ಕರೆಂಟು ಆ ಪದರವನ್ನು ತೂತು ಮಾಡಿಕೊಂಡು ಶಾಫ್ಟಿಗೆ ಇಳಿಯುತ್ತದೆ, ಪ್ಲಗ್ಗಿಗೆ ಹೋಗುವುದಿಲ್ಲ. ಕಾರು ರಸ್ತೆ ಮಧ್ಯೆ ನಿಲ್ಲುತ್ತದೆ. ತೆಗೆದು ನೋಡಿದರೆ ರೋಟರ್ ಹೊಚ್ಚಹೊಸದು, ಒಂದು ಗೀರೂ ಇಲ್ಲ. ಹಾಗಾಗಿ ಅದರ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ.

ಪಕ್ಕದಲ್ಲೇ ಇರುವ ಕಂಡೆನ್ಸರಿನದೂ ಇದೇ ಕಥೆ. ಲೂಕಾಸ್ ಕಂಪನಿ ಮಾಡಿದ ಹಳೆಯ ಕಂಡೆನ್ಸರುಗಳು ದಶಕಗಟ್ಟಲೆ ಕೆಲಸ ಮಾಡಿವೆ. ಈಗ ಪ್ಯಾಕೆಟ್ ಹರಿದು ತೆಗೆದದ್ದು ಕೆಲವೊಮ್ಮೆ ಒಂದು ಬೇಸಿಗೆ ದಾಟುವುದಿಲ್ಲ. ಸರ್ವಿಸ್ ಅಂದರೆ ಹಳೆಯದನ್ನು ಬಿಸಾಡಿ ಹೊಸದನ್ನು ಹಾಕುವುದು ಎಂದು ನಾವೆಲ್ಲ ಕಲಿತಿದ್ದೇವೆ. ಎಂಜಿಬಿ ಸಾಕಿದವರ ರೂಢಿ ತಿರುವುಮುರುವು: ನಡೆಯುತ್ತಿರುವ ಹಳೆಯ ರೋಟರನ್ನು ಬಟ್ಟೆಯಲ್ಲಿ ಸುತ್ತಿ ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ಇಟ್ಟಿರುತ್ತಾರೆ. ಸರ್ವಿಸ್ ಆದ ಮರುವಾರ ಕಾರು ಕೈಕೊಟ್ಟರೆ, ಕೊನೆಗೆ ಕೈಹಾಕಿದ ಜಾಗವನ್ನೇ ಮೊದಲು ನೋಡುತ್ತಾರೆ. ನನಗೂ ಇದೇ ಸರಿಯೆನಿಸುತ್ತದೆ. ಐವತ್ತು ವರ್ಷ ದುಡಿದ ಪಾರ್ಟು ತನ್ನ ಪರೀಕ್ಷೆ ಪಾಸಾಗಿದೆ, ಹೊಸದು ಇನ್ನೂ ಹಾಲ್‌ಟಿಕೆಟ್ ಹಿಡಿದು ಬಾಗಿಲಲ್ಲಿ ನಿಂತಿದೆ.

ಕೆಟ್ಟದ್ದು ಯಾವುದೆಂದು ಕಂಡುಹಿಡಿಯುವ ಕೆಲಸಕ್ಕೆ ಇಲ್ಲಿ ಲ್ಯಾಪ್‌ಟಾಪ್ ಬೇಡ, ಕಿವಿ ಬೇಕು. ಬೀಗದ ಕೈಯನ್ನು ಒಂದು ಹಂತ ತಿರುಗಿಸಿ, ಸೆಲ್ಫ್ ಹೊಡೆಯದೆ, ಹಾಗೇ ಕಾಯಬೇಕು. ಬಲಗಡೆಯ ಹಿಂದಿನ ಚಕ್ರದ ಕಡೆಯಿಂದ ಟಕ್ ಟಕ್ ಟಕ್ ಎಂಬ ಸದ್ದು ಬರುತ್ತದೆ. ಅದು ಎಸ್‌ಯು ಪೆಟ್ರೋಲ್ ಪಂಪು. ಎರಡು ಕಾರ್ಬ್ಯುರೇಟರುಗಳ ಬಟ್ಟಲು ತುಂಬುತ್ತಿದ್ದಂತೆ ಸದ್ದು ನಿಧಾನವಾಗಿ ನಿಲ್ಲಬೇಕು. ನಿಲ್ಲದೆ ಹೊಡೆದುಕೊಳ್ಳುತ್ತಲೇ ಇದ್ದರೆ ಟ್ಯಾಂಕು ಖಾಲಿ, ಇಲ್ಲವೆ ಎಲ್ಲೋ ಗಾಳಿ ಎಳೆಯುತ್ತಿದೆ, ಅಥವಾ ಮುಂದೆ ಬಟ್ಟಲು ಉಕ್ಕಿ ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ಸುರಿಯುತ್ತಿದೆ. ಕೊನೆಯದಾಗಿದ್ದರೆ ತಕ್ಷಣ ಆಫ್ ಮಾಡಿ ದೂರ ನಿಲ್ಲುವುದು ಜಾಣತನ. ಸದ್ದೇ ಬರಲಿಲ್ಲ ಎಂದರೆ ಪಂಪಿನೊಳಗಿನ ಪಾಯಿಂಟುಗಳು ಅಂಟಿಕೊಂಡಿವೆ ಅಥವಾ ಸುಟ್ಟಿವೆ. ಆಗ ಕೆಳಗೆ ಬಗ್ಗಿ ಪಂಪಿಗೆ ಸ್ಪ್ಯಾನರಿನ ಹಿಡಿಯಿಂದ ಮೆಲ್ಲಗೆ ಒಂದು ತಟ್ಟು. ಮತ್ತೆ ಟಕ್ ಟಕ್ ಶುರು. ಮನೆ ತಲುಪುವಷ್ಟಕ್ಕೆ ಇದು ಸಾಕು; ಮರುದಿನವೂ ತಟ್ಟುತ್ತಲೇ ಓಡಿಸುವ ಮಹನೀಯರೂ ಇದ್ದಾರೆ, ಅವರ ಸಹವಾಸ ಬೇಡ.

ಓಡುತ್ತಿದ್ದ ಕಾರು ನಿಂತಾಗ ಅದು ಹೇಗೆ ನಿಂತಿತು ಎಂಬುದರಲ್ಲೇ ಅರ್ಧ ಉತ್ತರವಿದೆ. ಕೆಮ್ಮಿ, ಮುಗ್ಗರಿಸಿ, ಮತ್ತೆ ಚೇತರಿಸಿಕೊಂಡು, ಕೊನೆಗೆ ಉಸಿರು ಬಿಟ್ಟರೆ ಪೆಟ್ರೋಲಿನ ಕಡೆ ನೋಡಿ. ಸ್ವಿಚ್ ಆರಿಸಿದಂತೆ ಒಮ್ಮೆಲೇ ನಿಂತರೆ ಕರೆಂಟಿನ ಕಡೆ. ಇನ್ನೂ ಖಚಿತವಾದ ಸುಳಿವು ಬೇಕಾದರೆ ಎಂಜಿನ್ನಿನ ಸುತ್ತು ತೋರಿಸುವ ಮೀಟರಿನ ಮುಳ್ಳು ನೋಡಬೇಕು. ತೀರ ಮೊದಲಿನ ಕೆಲವನ್ನು ಬಿಟ್ಟರೆ ಎಂಜಿಬಿಗಳಲ್ಲಿ ಆ ಮೀಟರು ಕಾಯಿಲ್ಲಿಗೆ ಹೋಗುವ ಕರೆಂಟಿನ ಬಡಿತವನ್ನೇ ಎಣಿಸುತ್ತದೆ. ಗಾಡಿ ಇನ್ನೂ ಗೇರಿನಲ್ಲಿ ಉರುಳುತ್ತಿರುವಾಗಲೇ ಮುಳ್ಳು ಸೊನ್ನೆಗೆ ಬಿದ್ದರೆ ದೋಷ ಬೀಗದ ಸ್ವಿಚ್ಚು, ಕಾಯಿಲ್ಲಿಗೆ ಹೋಗುವ ಬಿಳಿ ವೈರು, ಡಿಸ್ಟ್ರಿಬ್ಯೂಟರಿನ ಪಾಯಿಂಟು, ಕಂಡೆನ್ಸರು ಇಷ್ಟರೊಳಗೇ ಇದೆ. ಮುಳ್ಳು ನೆಟ್ಟಗೆ ನಿಂತೇ ಇದ್ದು ಎಂಜಿನ್ ಸತ್ತಿದ್ದರೆ ಆ ಹೊಸ ರೋಟರಿನ ಕಡೆಗೊಮ್ಮೆ ಕಣ್ಣು ಹಾಯಿಸಿ. ಕಾರ್ಬ್ಯುರೇಟರ್ ಬಿಚ್ಚುವ ಆತುರ ಎಲ್ಲರಿಗೂ ಇರುತ್ತದೆ, ಅದು ಹೊಳೆಯುತ್ತ ಎದುರಿಗೇ ಕೂತಿದೆಯಲ್ಲ. ಕಾರ್ಬ್ಯುರೇಟರ್ ದೋಷವೆಂದು ಬಿಚ್ಚಿದ್ದರಲ್ಲಿ ಬಹಳಷ್ಟು ಕೊನೆಗೆ ಕರೆಂಟಿನ ದೋಷವೇ ಆಗಿರುತ್ತದೆ.

ಕತ್ತಲೆಯ ರಾಜಕುಮಾರ ಎಂದು ಲೂಕಾಸ್‌ಗೆ ಇಂಗ್ಲಿಷರು ಅಡ್ಡಹೆಸರಿಟ್ಟು ನಗುತ್ತಾರೆ. ಇದು ಅನ್ಯಾಯ. ಲೂಕಾಸ್ ವೈರಿಂಗ್ ಓದಲು ಬಂದವರಿಗೆ ಅದರಷ್ಟು ಸರಳವಾದದ್ದು ಇನ್ನೊಂದಿಲ್ಲ. ಕಂದು ವೈರು ಬ್ಯಾಟರಿಯಿಂದ ನೇರ, ಯಾವಾಗಲೂ ಕರೆಂಟಿರುತ್ತದೆ. ಬಿಳಿ, ಬೀಗ ತಿರುಗಿಸಿದ ಮೇಲೆ. ಹಸಿರು, ಬಿಳಿಯಿಂದ ಫ್ಯೂಸ್ ದಾಟಿ ಬಂದದ್ದು. ಹೆಡ್‌ಲೈಟಿಗೆ ನೀಲಿ, ಸಣ್ಣ ದೀಪಕ್ಕೆ ಕೆಂಪು, ಅರ್ತಿಗೆ ಕಪ್ಪು. ಮೊದಮೊದಲ ಕಾರುಗಳಲ್ಲಿ ಇಡೀ ಗಾಡಿಗೆ ಇದ್ದದ್ದು ಎರಡೇ ಫ್ಯೂಸು. ಬಲ ಇಂಡಿಕೇಟರ್ ಹಾಕಿದರೆ ಹಿಂದಿನ ದೀಪ ಮಂಕಾಗುತ್ತದೆ, ಬ್ರೇಕ್ ಒತ್ತಿದರೆ ಇಂಡಿಕೇಟರ್ ಮಿಣುಕುತ್ತದೆ ಎಂಬಂಥ ದೆವ್ವದಾಟಗಳಿಗೆಲ್ಲ ಕಾರಣ ಸಾಮಾನ್ಯವಾಗಿ ಒಂದೇ: ತುಕ್ಕು ಹಿಡಿದ ಅರ್ತ್. ಕಪ್ಪು ವೈರಿನ ತುದಿ ಬಿಚ್ಚಿ, ತಗಡನ್ನು ಮರಳು ಕಾಗದದಲ್ಲಿ ಉಜ್ಜಿ, ಗಟ್ಟಿಯಾಗಿ ತಿರುಗಿಸಿದರೆ ದೆವ್ವ ಬಿಟ್ಟುಹೋಗುತ್ತದೆ. ನಿಜವಾದ ಪಿಶಾಚಿ ಹಿಂದಿನ ಮಾಲೀಕ. ಸ್ಟೀರಿಯೊ ಹಾಕಲು ಸಿಕ್ಕ ವೈರನ್ನೇ ಎಳೆದು ಟೇಪು ಸುತ್ತಿದವನು ಅವನು. ಇನ್ನೊಂದು ಎಚ್ಚರಿಕೆ: 1967ರವರೆಗಿನ ಎಂಜಿಬಿಗಳಲ್ಲಿ ಬಾಡಿಗೆ ಕೂಡಿಸಿದ್ದು ಬ್ಯಾಟರಿಯ ಪ್ಲಸ್ ತುದಿ. ಅಭ್ಯಾಸಬಲದಿಂದ ಮೈನಸ್ ಕೂಡಿಸಿದರೆ ಆಗುವ ಅನಾಹುತ ಸಣ್ಣದಲ್ಲ.

ಪಾರ್ಟ್ ತರಿಸುವಾಗ ಎಂಜಿಬಿಗೆ ಕೊಡಿ ಎಂದು ಕೇಳಿದರೆ ಕೆಲಸ ಕೆಟ್ಟಂತೆ. ಹದಿನೆಂಟು ವರ್ಷದಲ್ಲಿ ಒಳಗಿನ ವಸ್ತುಗಳು ಎಷ್ಟೋ ಸಲ ಬದಲಾಗಿವೆ. ಚಾಸಿ ನಂಬರು ಜಿಎಚ್‌ಎನ್3 ಎಂದಿದ್ದರೆ ಜಿ ಅಂದರೆ ಎಂಜಿ, ಎಚ್ ಎಂಜಿನ್ನಿನ ವರ್ಗ, ಎನ್ ಎರಡು ಸೀಟಿನ ತೆರೆದ ಕಾರು, 3 ಮಾದರಿಯ ಸಂಖ್ಯೆ. ಎನ್ ಬದಲು ಡಿ ಇದ್ದರೆ ಜಿಟಿ. ಎಂಜಿನ್ ನಂಬರು 18ಜಿ ಅಥವಾ 18ಜಿಎ ಎಂದು ಶುರುವಾದರೆ ಕ್ರ್ಯಾಂಕ್‌ಶಾಫ್ಟಿಗೆ ಮೂರು ಮುಖ್ಯ ಬೇರಿಂಗು. 1964ರಲ್ಲಿ ಬಂದ 18ಜಿಬಿಯಿಂದ ಐದು. ಗೇರ್‌ಬಾಕ್ಸು, ಓವರ್‌ಡ್ರೈವು 1967ರಲ್ಲಿ ಬದಲಾದವು. ಕಾರಿನ ತಗಡೊಂದು, ಎಂಜಿನ್ನೊಂದು ಆಗಿರುವುದೂ ಮಾಮೂಲು. ಅರವತ್ತು ವರ್ಷದಲ್ಲಿ ಯಾರು ಯಾವುದನ್ನು ಎಲ್ಲಿಂದ ತಂದು ಕೂರಿಸಿದರೋ. ಆಬಿಂಗ್ಡನ್‌ನಿಂದ ಹೊರಟಾಗ ಕಾರಿನಲ್ಲಿ ಏನಿತ್ತು ಎಂಬ ದಾಖಲೆ ಗೇಡನ್‌ನ ಬ್ರಿಟಿಷ್ ಮೋಟಾರ್ ಮ್ಯೂಸಿಯಂನಲ್ಲಿದೆ, ಹಣ ಕಟ್ಟಿದರೆ ಪ್ರಮಾಣಪತ್ರ ಕೊಡುತ್ತಾರೆ. ಆದರೂ ಆರ್ಡರ್ ಮಾಡುವ ಮುನ್ನ ಕೈಯಲ್ಲಿರುವ ತುಂಡನ್ನು ಅಳೆಯುವುದೇ ವಾಸಿ.

ನಟ್ಟು ಬೋಲ್ಟುಗಳೆಲ್ಲ ಇಂಚಿನ ಲೆಕ್ಕ. ಅರ್ಧ ಇಂಚು ಅಂದರೆ 12.7 ಮಿಲಿಮೀಟರ್, ಮನೆಯಲ್ಲಿರುವ 13ರ ಸ್ಪ್ಯಾನರ್ ಸರಿಯಾಗೇ ಕೂತಂತೆ ಕಾಣುತ್ತದೆ, ಜೋರು ಹಾಕಿದಾಗ ಜಾರಿ ನಟ್ಟಿನ ಮೂಲೆ ಸವರಿಬಿಡುತ್ತದೆ.

ಇಂಚಿನ ಸ್ಪ್ಯಾನರ್ ಸೆಟ್ಟು ನಮ್ಮಲ್ಲಿ ಯಾರ ಬಳಿ ಇದೆ? ಅಂಬಾಸಿಡರ್ ಬಿಚ್ಚಿ ಬೆಳೆದ ಹಿರಿಯ ಮೆಕ್ಯಾನಿಕ್‌ಗಳ ಬಳಿ. ಈ ನಂಟು ಬರೀ ಸ್ಪ್ಯಾನರಿನದಲ್ಲ. ನಮ್ಮ ಅಂಬಾಸಿಡರಿನ 1,489 ಸಿಸಿ ಪೆಟ್ರೋಲ್ ಎಂಜಿನ್ನೂ ಎಂಜಿಬಿಯ ಎಂಜಿನ್ನೂ ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ನಿನ ಬಿ ಸೀರೀಸ್ ಎಂಬ ಒಂದೇ ತಾಯಿಯ ಮಕ್ಕಳು. ಪಿಸ್ಟನ್ ಮೇಲೆ ಕೆಳಗೆ ಓಡುವ ದೂರ ಎರಡರಲ್ಲೂ 88.9 ಮಿಲಿಮೀಟರ್. ಸಿಲಿಂಡರಿನ ಅಗಲ ಮಾತ್ರ ಅಂಬಾಸಿಡರಿನಲ್ಲಿ 73, ಎಂಜಿಬಿಯಲ್ಲಿ 80ಕ್ಕೆ ತುಸು ಹೆಚ್ಚು. ಹಾಗಾಗಿ ಪಿಸ್ಟನ್ ಅದಲು ಬದಲು ಆಗದು, ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗೆ ಹೋಗಿ ಅಂಬಾಸಿಡರ್ ಪಾರ್ಟು ತಂದು ತುಂಬಬಹುದೆಂದು ಯಾರೂ ಹಿಗ್ಗಬೇಕಿಲ್ಲ. ಆದರೆ ಟ್ಯಾಪೆಟ್ ಸದ್ದು ಕೇಳಿ ಸಂದು ಹೆಚ್ಚಾಗಿದೆಯೋ ಕಡಿಮೆಯಾಗಿದೆಯೋ ಹೇಳುವ, ಪಾಯಿಂಟಿನ ಕಿಡಿಯ ಬಣ್ಣ ನೋಡಿ ಕಂಡೆನ್ಸರ್ ಹೋಗಿದೆ ಎನ್ನುವ ಮೆಕ್ಯಾನಿಕ್‌ಗೆ ಎಂಜಿಬಿಯ ಬಾನೆಟ್ ಎತ್ತಿ ತೋರಿಸಿದರೆ ಹೊಸಬರ ಮನೆಗೆ ಬಂದಂತೆ ಅನಿಸುವುದಿಲ್ಲ. ಅಂಬಾಸಿಡರ್ ತಯಾರಿಕೆ ನಿಂತದ್ದು 2014ರಲ್ಲಿ. ಪೆಟ್ರೋಲ್ ಎಂಜಿನ್ ಬಿಚ್ಚಿದ ಕೈಗಳು ಅದಕ್ಕೂ ಹಿಂದಿನವು.

ಈಚಿನ ಹೊಸ ಕಾಟ ಎಥೆನಾಲಿನದು. ಬ್ರಿಟನ್ನಿನಲ್ಲಿ 2021ರಿಂದ ಸಾಮಾನ್ಯ ಪೆಟ್ರೋಲಿನಲ್ಲಿ ಶೇ 10ರವರೆಗೆ ಎಥೆನಾಲ್, ನಮ್ಮಲ್ಲಿ ಶೇ 20. ಅರವತ್ತರ ದಶಕದ ರಬ್ಬರ್ ಅದನ್ನು ತಡೆಯುವುದಿಲ್ಲ. ಪೈಪು ಒಳಗಿನಿಂದ ಮೆತ್ತಗಾಗಿ ಉದುರುತ್ತದೆ, ಆ ಕಪ್ಪು ಪುಡಿ ಕಾರ್ಬ್ಯುರೇಟರಿನ ಸೂಜಿ ಕೂರುವ ಜಾಗದಲ್ಲಿ ಸಿಕ್ಕಿಕೊಂಡು ಬಟ್ಟಲು ಉಕ್ಕುತ್ತದೆ. ಪೈಪಿನ ಮೈಮೇಲೆ ಆರ್9 ಎಂಬ ದರ್ಜೆ ಮುದ್ರಿಸಿದೆಯೇ ಎಂದು ನೋಡಿಯೇ ಕೊಳ್ಳಬೇಕು. ಬ್ರಿಟನ್ನಿನಲ್ಲಿ ನಲವತ್ತು ವರ್ಷ ದಾಟಿದ ಕಾರಿಗೆ ವಾರ್ಷಿಕ ತಪಾಸಣೆಯೂ ಕಡ್ಡಾಯವಲ್ಲ, ಅಂದಮೇಲೆ ಆ ಪೈಪನ್ನು ಬಗ್ಗಿ ನೋಡಬೇಕಾದವನು ಮಾಲೀಕನೊಬ್ಬನೇ.

ಹೊಸದು ಕೈಕೊಡುವ ಈ ವ್ಯಾಪಾರದಲ್ಲಿ ಹಳೆಯದಕ್ಕೂ ಒಂದು ಬೆಲೆಯಿದೆ. ಮುಂದಿನ ಸಸ್ಪೆನ್ಷನ್ನಿನ ಆರ್ಮ್‌ಸ್ಟ್ರಾಂಗ್ ಡ್ಯಾಂಪರು ಈಗಿನ ಕೊಳವೆಯಾಕಾರದ್ದಲ್ಲ. ಎಣ್ಣೆ ತುಂಬಿದ ದಪ್ಪ ಲೋಹದ ಪೆಟ್ಟಿಗೆ, ಅದಕ್ಕೆ ತೋಳು. ಹಳೆಯ ಪೆಟ್ಟಿಗೆಯನ್ನೇ ಕೊರೆದು ಹೊಸ ಬುಷ್ ಹಾಕಿ ರಿಪೇರಿಯಾಗಿ ಬಂದದ್ದನ್ನು ವಿನಿಮಯದ ಮೇಲೆ ಮಾರುತ್ತಾರೆ. ಕೊಳ್ಳುವಾಗ ಮುಂಗಡ ಕಟ್ಟಬೇಕು, ನಿಮ್ಮ ಹಳೆಯದು ಅವರ ಕೈ ಸೇರಿದ ಮೇಲೆ ಹಣ ವಾಪಸ್. ಆದ್ದರಿಂದ ಬಿಚ್ಚಿದ್ದು ಯಾವುದನ್ನೂ ಗುಜರಿಗೆ ಹಾಕಬೇಡಿ. ಕಳಿಸುವ ಮುನ್ನ ಒಳಗಿನ ಎಣ್ಣೆಯನ್ನು ಪೂರ್ತಿ ಬಸಿದು, ಪ್ಲಾಸ್ಟಿಕ್ಕಿನಲ್ಲಿ ಎರಡು ಸುತ್ತು ಸುತ್ತಿ. ಸೋರುವ ಪೆಟ್ಟಿಗೆಯನ್ನು ಕೊರಿಯರಿನವರು ಮುಟ್ಟುವುದಿಲ್ಲ.