ಹುಟ್ಟಿನಿಂದ ಯಾರೂ ಅಪರಾಧಿಯಲ್ಲ

ವಿಶ್ವವಿದ್ಯಾನಿಲಯದಲ್ಲಿ ನಾನು ಅಪರಾಧಶಾಸ್ತ್ರ ಮತ್ತು ಸಮಾಜಶಾಸ್ತ್ರವನ್ನು ಆರಿಸಿಕೊಂಡಾಗ, "ಹೆಣ್ಣುಮಕ್ಕಳಿಗೆ ಕಳ್ಳರ, ಕೊಲೆಗಾರರ ಪಾಠವೇಕೆ?" ಎಂದು ಕೇಳಿದವರೇ ಹೆಚ್ಚು. ಆದರೆ ತರಗತಿಯಲ್ಲಿ ನಾವು ಕಲಿತದ್ದು ಕಳ್ಳರ ಕತೆಯನ್ನಲ್ಲ. ಮನುಷ್ಯ ಯಾಕೆ ದಾರಿ ತಪ್ಪುತ್ತಾನೆ ಎಂಬುದನ್ನು.

ಕೆಲವರು ಹುಟ್ಟಿನಿಂದಲೇ ಅಪರಾಧಿಗಳು, ಮುಖಚಹರೆಯಿಂದಲೇ ಅವರನ್ನು ಗುರುತಿಸಬಹುದು ಎಂದು 1876ರಲ್ಲಿ ಇಟಲಿಯ ವೈದ್ಯ ಲೊಂಬ್ರೋಸೊ ವಾದಿಸಿದರು. ಅದಕ್ಕೂ ಐದು ವರ್ಷ ಮೊದಲೇ, 1871ರಲ್ಲಿ, ಬ್ರಿಟಿಷರು ನಮ್ಮ ದೇಶದಲ್ಲಿ 'ಅಪರಾಧಿ ಬುಡಕಟ್ಟುಗಳ ಕಾಯ್ದೆ' ತಂದು, ಇಡೀ ಸಮುದಾಯಗಳ ಮೇಲೆ ಕಳ್ಳರೆಂಬ ಮುದ್ರೆ ಒತ್ತಿದ್ದರು. ತೊಟ್ಟಿಲ ಕೂಸೂ ಆ ಹೆಸರಿನಿಂದ ತಪ್ಪಿಸಿಕೊಳ್ಳಲಿಲ್ಲ. 1952ರಲ್ಲಿ ಕಾಯ್ದೆ ರದ್ದಾಯಿತು. ಜನರ ಸಂಶಯ ಮಾತ್ರ ಇನ್ನೂ ಹೋಗಿಲ್ಲ.

ಅಪರಾಧ ಬಡವರ ಸೊತ್ತಲ್ಲ, ದೊಡ್ಡ ಹುದ್ದೆಯ ಗೌರವಸ್ಥರೂ ವಂಚಿಸುತ್ತಾರೆ ಎಂದು 1939ರಲ್ಲಿ ಅಮೆರಿಕದ ಸಮಾಜಶಾಸ್ತ್ರಜ್ಞ ಸದರ್‌ಲ್ಯಾಂಡ್ ಎತ್ತಿ ಹೇಳಿದರು. ಅಪರಾಧವನ್ನು ಮನುಷ್ಯ ಒಡನಾಟದಿಂದ ಕಲಿಯುತ್ತಾನೆ ಎಂಬುದೂ ಅವರದೇ ವಿಚಾರ. ಹಾಗಾದರೆ ಕೆಟ್ಟ ಒಡನಾಟ ಕಲಿಸಿದ್ದನ್ನು ಒಳ್ಳೆಯ ಒಡನಾಟ ಬಿಡಿಸಬಾರದೇಕೆ?

ಹೆತ್ತವರೇ, ತಪ್ಪು ಮಾಡಿದ ಹುಡುಗನಿಗೆ 'ಕಳ್ಳ' ಎಂಬ ಹೆಸರಿಡುವ ಮುನ್ನ, ಅವನ ಗೆಳೆಯರು ಯಾರು, ಮನೆಯಲ್ಲಿ ಅವನ ಮಾತು ಕೇಳುವವರಿದ್ದಾರೆಯೇ ಎಂದು ವಿಚಾರಿಸಿ. ತಪ್ಪಿಗೆ ಶಿಕ್ಷೆ ಬೇಕು, ನಿಜ. ಆದರೆ ತಿದ್ದಿಕೊಂಡು ಬರುವವನಿಗೆ ಬಾಗಿಲೂ ತೆರೆದಿರಬೇಕು.