ಸಣ್ಣ ಗೆರೆಯ ದೊಡ್ಡ ಸೂಚನೆ

ನಮ್ಮ ಹೃದಯವು ಮಿಡಿಯುವಾಗಲೆಲ್ಲ ಅದರಲ್ಲಿ ಅತ್ಯಲ್ಪವಾದ ವಿದ್ಯುತ್ತು ಹರಿಯುತ್ತದೆ. ಅದನ್ನು ಚರ್ಮದ ಮೇಲಿಂದಲೇ ಗ್ರಹಿಸಿ, ಕಾಗದದ ಮೇಲೆ ಗೆರೆಯಾಗಿ ಮೂಡಿಸುವ ವಿಧಾನಕ್ಕೆ ಇ.ಸಿ.ಜಿ. ಎಂದು ಹೆಸರು. ಹಾಲೆಂಡಿನ ಐಂಥೋವನ್ ಎಂಬ ವಿಜ್ಞಾನಿಯು ಇದಕ್ಕೆ ತಕ್ಕ ಸೂಕ್ಷ್ಮಯಂತ್ರವನ್ನು ನಿರ್ಮಿಸಿ, 1924ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದನು.

ಗೆರೆಯ ಏರಿಳಿತಗಳನ್ನು ಪಿ, ಕ್ಯೂ, ಆರ್, ಎಸ್, ಟಿ ಎಂದು ಕರೆಯುತ್ತಾರೆ. ಹೃದಯದ ಕೆಳಕೋಣೆಗಳು ಒಮ್ಮೆ ಮಿಡಿದು, ಮರುಮಿಡಿತಕ್ಕೆ ಅಣಿಯಾಗುವುದನ್ನು ಟಿ ಅಲೆಯು ತೋರಿಸುತ್ತದೆ. ಕಾಗದದ ಮೇಲೆ ಕೆಲವೇ ಮಿಲಿಮೀಟರುಗಳಷ್ಟಿರುವ ಈ ಅಲೆಯು ತುಸು ಬದಲಾದರೆ ಏನಾದೀತು ಎಂದು ನಾವು ಕೇಳಬಹುದು. ಅದಕ್ಕೊಂದು ನಿದರ್ಶನವಿದೆ.

ಎದೆನೋವಿನಿಂದ ಆಸ್ಪತ್ರೆಗೆ ಸೇರಿದ 145 ರೋಗಿಗಳನ್ನು ಕುರಿತು ಹಾಲೆಂಡಿನ ವೈದ್ಯರಾದ ವೆಲ್ಲೆನ್ಸ್ ಮತ್ತು ಅವರ ಸಂಗಡಿಗರು 1982ರಲ್ಲಿ ವರದಿಯೊಂದನ್ನು ಪ್ರಕಟಿಸಿದರು. ಅವರಲ್ಲಿ 26 ಮಂದಿಯ ಟಿ ಅಲೆಯು ಎದೆಯ ಮುಂಭಾಗದ ಗೆರೆಗಳಲ್ಲಿ ತಲೆಕೆಳಗಾಗಿತ್ತು. ಉಳಿದುದು ಬಹುಮಟ್ಟಿಗೆ ಸರಿಯಾಗಿಯೇ ಇತ್ತು. ಈ ಗುರುತು ನೋವು ನಿಂತಾಗಲೇ ಕಾಣುವುದರಿಂದ, ರೋಗಿಯು ಗುಣಹೊಂದಿದನೆಂದು ಭ್ರಮಿಸುವುದು ಸುಲಭ. ಆದರೆ ಹೃದಯದ ಮುಂಗೋಡೆಗೆ ರಕ್ತವನ್ನೊಯ್ಯುವ ಮುಖ್ಯ ನಾಳವು ಬಹಳ ಕಿರಿದಾಗಿದೆಯೆಂಬ ಎಚ್ಚರಿಕೆ ಅದು. ಅವರಲ್ಲಿ ಶಸ್ತ್ರಚಿಕಿತ್ಸೆಯಾಗದಿದ್ದ 16 ಮಂದಿಯ ಪೈಕಿ 12 ಮಂದಿಗೆ ಕೆಲವೇ ವಾರಗಳಲ್ಲಿ ಭಾರಿ ಹೃದಯಾಘಾತವಾಯಿತು!

ಇಂದು ಈ ಗುರುತನ್ನು ಕಂಡ ವೈದ್ಯರು ರೋಗಿಯನ್ನು ನಡೆಸಿ ಓಡಿಸಿ ಪರೀಕ್ಷಿಸುವುದಿಲ್ಲ. ರಕ್ತನಾಳದ ಚಿತ್ರ ತೆಗೆದು ಅಡಚಣೆಯನ್ನು ನಿವಾರಿಸುತ್ತಾರೆ.

ಹಾಗೆಂದು ತಲೆಕೆಳಗಾದ ಅಲೆಯೆಲ್ಲವೂ ರೋಗವಲ್ಲ. ನಮ್ಮಂತಹ ಬಾಲಕ ಬಾಲಕಿಯರಲ್ಲಿ, ಎದೆಯ ಬಲಬದಿಯ ಗೆರೆಗಳಲ್ಲಿ, ಅದು ಅನೇಕ ವೇಳೆ ಸಹಜವೇ. ಆದುದರಿಂದ ಗೆರೆಯೊಂದನ್ನೇ ನೋಡಿದರೆ ಸಾಲದು; ರೋಗಿಯ ವಯಸ್ಸನ್ನೂ ಅವನು ಹೇಳುವ ಮಾತನ್ನೂ ಅದರೊಡನೆ ಕೂಡಿಸಿ ಓದಬೇಕು.